ದಾಯಿ ಉಮಾಬಾಯಿ ಗೈರ್‌ಮುಲ್ಕಿಯಾದದ್ದು

ಉಮಾಬಾಯಿ ಪರದೇಶಿಯಾದದ್ದು ತನ್ನ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ. ಅದಕ್ಕಾಗಿ ಆಕೆ ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ತಾಂಡೂರಿನ ಸರಕಾರಿ ದವಾಖಾನೆಯಲ್ಲಿ ದಾಯಿಯಾಗಿ ಹೆರಿಗೆ ಮಾಡಿಸುತ್ತಿದ್ದಳು. ಹುಟ್ಟಿದ ಯಾಲಾಲ ಅಲ್ಲಿಂದ ಎತ್ತಿನ ಗಾಡಿಯಲ್ಲಿ ಒಂದು ಹೊತ್ತಿನ ದಾರಿ. ನನ್ನ ತಾಯಿಯನ್ನೂ ತಾಯಿಯ ಇಬ್ಬರು ತಮ್ಮಂದಿರನ್ನೂ ಭೂಮಿಗೆ ಇಳಿಸಿಕೊಂಡದ್ದು ಆಕೆಯ ಕೈಗಳೇ. ಹೀಗಾಗಿ ನಮ್ಮ ಮನೆಯಲ್ಲಿ ಆಕೆಯ ಮಾತು ಬಹಳ ಕಾಲ ನಡೆಯುತ್ತಿತ್ತು. ಉಳಿದದ್ದನ್ನು ಹೇಳಿದವಳು ದವಾಖಾನೆಯ ಆಯಾ ಪೋಚಮ್ಮ. ಕೊನೆಯವರೆಗೂ ಉಮಾಬಾಯಿಯ ಜೊತೆಗಿದ್ದವಳು ಅವಳೊಬ್ಬಳೇ.

ಶಿವಸಿಂಪಿಗರ ಮನೆಯ ಹುಡುಗಿ. ಅಪ್ಪ, ಅಜ್ಜ ಎಲ್ಲರೂ ಬಟ್ಟೆ ಹೊಲಿದೇ ಬದುಕಿದವರು. ಹತ್ತು ದಾಟುವ ಮೊದಲೇ ಲಗ್ನವಾಯಿತು. ದೊಡ್ಡ ಜ್ವರದ ವರ್ಷ ಮನೆಮನೆಯಲ್ಲೂ ಹೆಣ ಬಿದ್ದಾಗ ಆ ಗಂಡನೂ ಹೋದ. ಅವನ ಮುಖ ಆಕೆಗೆ ನೆನಪಿರಲಿಲ್ಲ. ಅಣ್ಣ ರೇವಪ್ಪ ತಂಗಿಯನ್ನು ಮನೆಗೆ ಕರೆತಂದ. ಬೆಳೆದ ಮೇಲೆ, ಹೈದರಾಬಾದಿನಲ್ಲಿ ಹೆಣ್ಣುಮಕ್ಕಳಿಗೆ ಹೆರಿಗೆಯ ಕೆಲಸ ಕಲಿಸುತ್ತಾರೆಂದು ಯಾರೋ ಹೇಳಿದರು. ಊರವರು ಬೇಡವೆಂದರೂ ರೇವಪ್ಪ ಆಕೆಯನ್ನು ರೈಲು ಹತ್ತಿಸಿದ. ಕಲಿತು ಬಂದ ಉಮಾಬಾಯಿಗೆ ತಾಂಡೂರಿನಲ್ಲೇ ನೌಕರಿ ಸಿಕ್ಕಿತು. ವಿಧವೆಯೆಂದು ಮೂಗು ಮುರಿದವರೇ ಸೊಸೆಗೆ ನೋವು ಶುರುವಾದಾಗ ಗಾಡಿ ಕಳಿಸತೊಡಗಿದರು.

ಮಾಣಿಕಪ್ಪ ಸೊಲ್ಲಾಪುರದವನು. ಅವನೂ ಅದೇ ಕುಲದವನು. ಅಲ್ಲಿಯ ಗಿರಣಿಗಳಲ್ಲಿ ಮುಷ್ಕರ ನಡೆದು ಕೆಲಸ ನಿಂತಾಗ ಹೊಲಿಗೆ ಮಷೀನು ಹೊತ್ತುಕೊಂಡು ತಾಂಡೂರಿಗೆ ಬಂದು, ಸ್ಟೇಷನ್ ರಸ್ತೆಯ ಒಂದು ಪಡಸಾಲೆಯಲ್ಲಿ ಕೂತವನು. ರೈಲಿನವರ ಕೋಟು, ಪೈಜಾಮ ಹೊಲಿಯುತ್ತಿದ್ದ. ಮುಖದ ತುಂಬ ಸಿಡುಬಿನ ಕಲೆ, ಮಾತು ಕಡಿಮೆ. ರೇವಪ್ಪನೇ ಮುಂದಾಗಿ ಇಬ್ಬರಿಗೂ ಉಡಿಕೆ ಮಾಡಿಸಿದ. ನಮ್ಮಲ್ಲಿ ವಿಧವೆಗೆ ಮತ್ತೆ ಸೀರೆ ಉಡಿಸಿ ಮನೆ ಕಟ್ಟಿಕೊಡುವ ಪದ್ಧತಿ ಮೊದಲಿನಿಂದಲೂ ಇದೆ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಮಕ್ಕಳಾಗಲಿಲ್ಲ ಎಂಬುದೊಂದು ಬಿಟ್ಟರೆ ಅವರಿಬ್ಬರು ಸುಖವಾಗಿಯೇ ಇದ್ದರು. ಆಕೆ ಹೆರಿಗೆಗೆ ಹೋದ ದಿನ ಅವನೇ ರೊಟ್ಟಿ ಬಡಿಯುತ್ತಿದ್ದ. ಗಂಡಸು ರೊಟ್ಟಿ ಬಡಿಯುತ್ತಾನೆಂದು ಪೋಚಮ್ಮ ನಗುತ್ತಿದ್ದಳಂತೆ.

ಆ ಕಾಲದಲ್ಲಿ ನಿಜಾಮರ ರಾಜ್ಯದಲ್ಲಿ ಹುಟ್ಟಿದವನು ಮುಲ್ಕಿ, ಹೊರಗಿನಿಂದ ಬಂದವನು ಗೈರ್‌ಮುಲ್ಕಿ. ನೌಕರಿ ಮುಲ್ಕಿಗಳಿಗೆ ಮಾತ್ರ ಎಂಬ ಕಾಯಿದೆ ಹಳೆಯದು, ಆದರೆ ನಡೆಯುತ್ತಿರಲಿಲ್ಲ. ದೂರದ ಊರುಗಳಿಂದ ಬಂದವರು ಕಚೇರಿಗಳಲ್ಲಿ ಕೂತಿದ್ದಾರೆ, ನಮ್ಮ ಹುಡುಗರು ಓದಿ ಬೀದಿ ಅಲೆಯುತ್ತಿದ್ದಾರೆ ಎಂಬ ಸಿಟ್ಟು ಎಲ್ಲ ಕಡೆ ಇತ್ತು. ರೇವಪ್ಪನಿಗೂ ಇತ್ತು, ಅವನ ಹೆಂಡತಿಯ ತಮ್ಮನಿಗೆ ಸಿಗಬೇಕಾಗಿದ್ದ ಕೆಲಸ ಹೊರಗಿನವನ ಪಾಲಾಗಿತ್ತು. ಆದ್ದರಿಂದ ನೌಕರಿಯಲ್ಲಿರುವವರೆಲ್ಲ ಮುಲ್ಕಿ ಎಂಬುದಕ್ಕೆ ಸರ್ಟಿಫಿಕೇಟು ತರಬೇಕೆಂದು ಒಂದು ವರ್ಷ ಮೇಲಿನಿಂದ ಹುಕುಂ ಬಂದಾಗ ಅವನಿಗೆ ಸಂತೋಷವೇ ಆಯಿತು. ಉಮಾಬಾಯಿಯೂ, "ಛಲೋ ಆತು ಬಿಡ್ರಿ, ಈಗರ ನಮ್ಮವ್ರಿಗಿ ನಾಕು ಜಾಗ ಸಿಗ್ತಾವ" ಅಂದಿದ್ದಳು.

ಅಣ್ಣ ತಂಗಿ ಇಬ್ಬರೂ ಯಾಲಾಲದ ಪಟೇಲರ ಸಾಕ್ಷಿ ಪತ್ರ ಹಿಡಿದು ಕಚೇರಿಗೆ ಹೋದರು. ಅರ್ಜಿ ನೋಡುವ ಪೇಶಕಾರರು ಕನ್ನಡ ಬಲ್ಲ ಮುಸಲ್ಮಾನರು, ಕೆಟ್ಟವರಲ್ಲ. ಅಪ್ಪನ ಹೆಸರು, ಅಜ್ಜನ ಹೆಸರು ಕೇಳಿ ಬರೆದುಕೊಂಡರು.

"ಲಗ್ನ ಆಗ್ಯಾದೇನವ್ವಾ?"

"ಆಗ್ಯಾದರಿ."

"ಗಂಡ ಎಲ್ಲಿಯವ?"

"ಸೊಲ್ಲಾಪುರದವರ್ರಿ. ಇಲ್ಲೇ ಟೇಸನ್ ರಸ್ತಾದಾಗ ಮಷೀನ ಹಾಕ್ಯಾರ."

ಪೇಶಕಾರರು ಲೇಖನಿ ಕೆಳಗಿಟ್ಟರು. "ಹಂಗಾದ್ರ ನೀವು ಗೈರ್‌ಮುಲ್ಕಿ."

ರೇವಪ್ಪ ಚೇಷ್ಟೆಯೆಂದುಕೊಂಡು ನಕ್ಕ. "ಸಾಹೇಬ್ರ, ನಮ್ಮ ಮುತ್ಯಾನ ಸಮಾಧಿ ಯಾಲಾಲದಾಗ ಅದ. ಅವನಪ್ಪಂದೂ ಅಲ್ಲೇ ಅದ."

"ಅದಕ್ಕ ನೀನು ಮುಲ್ಕಿ. ನಿನ್ನ ತಂಗಿ ಗಂಡನ ಮುಲುಕಿನಾಕಿ. ಹೆಂಗಸಿಗಿ ಗಂಡನ ಮುಲುಕೇ ಮುಲುಕು." ಅವರು ದನಿ ತಗ್ಗಿಸಿದರು. "ಗಂಡ ತೀರಿಕೊಂಡಿದ್ರ, ಇಲ್ಲಾ ಸಂಬಂಧ ಕಡಕೊಂಡು ತವರಿಗಿ ಬಂದಿದ್ರ ಮತ್ತ ಮುಲ್ಕಿ ಆಗ್ತಿದ್ರಿ. ಕಾಯದೆ ಹಂಗದ ತಾಯಿ, ನಾ ಬರದದ್ದಲ್ಲ."

"ಮೊದಲಿನ ಗಂಡ ತೀರಿಕೊಂಡಾನ್ರಿ," ಅಂದಳು ಉಮಾಬಾಯಿ.

"ಆತ ಈಗ ಲೆಕ್ಕಕ್ಕ ಬರೂದಿಲ್ಲ."

ಮದುವೆಯಾಗದೆ ವಿಧವೆಯಾಗಿಯೇ ಉಳಿದಿದ್ದರೆ ಕೆಲಸ ಉಳಿಯುತ್ತಿತ್ತು ಎಂಬುದು ಆಕೆಗೆ ಹೊರಗೆ ಬಂದ ಮೇಲೆ ಹೊಳೆಯಿತು. ಅಣ್ಣನಿಗೆ ಹೇಳಿದಳು. ಉಡಿಕೆ ಮಾಡಿಸಿದವನು ಅವನೇ.

ದವಾಖಾನೆಯ ಡಾಕ್ಟರ್ ಸಾಹೇಬರು ವಯಸ್ಸಾದವರು. ಆಕೆಯನ್ನು ಕಳೆದುಕೊಳ್ಳುವ ಮನಸ್ಸು ಅವರಿಗಿರಲಿಲ್ಲ. ಅವರೇ ಒಂದು ದಾರಿ ಹೇಳಿದರು. ಹದಿನೈದು ವರ್ಷ ಎಡೆಬಿಡದೆ ಇಲ್ಲಿ ವಾಸವಿದ್ದು, ಹಿಂದಿನ ಊರಿಗೆ ಮರಳುವುದಿಲ್ಲವೆಂದು ಪ್ರಮಾಣ ಮಾಡಿದರೆ ಮಾಣಿಕಪ್ಪನೂ ಮುಲ್ಕಿಯಾಗುತ್ತಾನೆ. ಅವನು ಬಂದು ಎಂಟು ವರ್ಷವಾಗಿದೆ. ಇನ್ನುಳಿದ ಏಳು ವರ್ಷ ಇಬ್ಬರ ಸಂಬಂಧ ಕಡಿದಿದೆಯೆಂದು ಬರೆದುಕೊಟ್ಟರೆ ಸಾಕು. ಆಮೇಲೆ ಬೇಕಾದರೆ ಮತ್ತೆ ಉಡಿಕೆ ಮಾಡಿಕೊಳ್ಳಲಿ, ತಡೆಯುವವರು ಯಾರು?

ಉಮಾಬಾಯಿ ಅದನ್ನು ಗಂಡನಿಗೆ ಹೇಳಿದಾಗ ಅವನು ಸೂಜಿಗೆ ದಾರ ಪೋಣಿಸುತ್ತಿದ್ದ.

"ಸೊಲ್ಲಾಪುರಕ್ಕ ಹೋಗೋಣಲ್ರಿ," ಅಂದಳು ಆಕೆ. "ಕೂಲಿ ಮಾಡೋಣಂತ."

"ಅಲ್ಲಿ ಒಂದ ಖೋಲ್ಯಾಗ ಅವ್ವ, ಅಣ್ಣಂದಿರು, ಅವರ ಮಕ್ಕಳು. ನಿನ್ನ ಅಲ್ಲಿ ಯಾರಿಗಿ ಗೊತ್ತು? ಇಲ್ಲಿ ನಿನ್ನ ಕೈಗುಣ ನಾಲ್ಕೂ ದಿಕ್ಕಿಗಿ ಗೊತ್ತದ." ದಾರಕ್ಕೆ ಗಂಟು ಹಾಕಿ ಹೇಳಿದ: "ಬರೀ ಮಾತಲ್ಲೇನು? ಹೇಳಿಬಿಡು."

"ಮಾತು ಹೇಳಿಬಿಟ್ರ ಮಾತಾಗೇ ಉಳಿತಾದೇನು?"

"ನಾ ಎಲ್ಲಿಗಿ ಹೋಗ್ತೀನಿ. ಪಡಸಾಲ್ಯಾಗ ಮಲಗ್ತೀನಿ. ದಿನಾ ನೀ ದವಾಖಾನಿಗಿ ಹೋಗೂದು ಕಾಣ್ತಾದ."

ಕಚೇರಿಯವರಿಗೆ ಆಕೆಯ ಬಾಯಿ ಮಾತು ಸಾಲಲಿಲ್ಲ. ಕುಲದ ಪಂಚರ ಮುಂದೆ ಆದ ಸೋಡಚೀಟಿ, ಅಂದರೆ ಗಂಡ ಹೆಂಡತಿಯನ್ನು ಬಿಟ್ಟುಕೊಟ್ಟ ಕಾಗದ, ಬೇಕೆಂದರು. ಮಠದಲ್ಲಿ ಪಂಚರು ಸೇರಿದರು. ಹಿರಿಯರಾದ ಶಿವಶಂಕರಪ್ಪನವರಿಗೆ ನಿಜ ಗೊತ್ತಿತ್ತು, ಮಠದ ಅಯ್ಯನವರಿಗೂ ಗೊತ್ತಿತ್ತು. ಆದರೂ ಪದ್ಧತಿಯಂತೆ ಮೂರು ಸಲ ಕೇಳಿದರು. "ಇಕಿ ನಿನಗ ಬ್ಯಾಡೇನು?" ಮಾಣಿಕಪ್ಪ ಮೂರು ಸಲವೂ "ಬ್ಯಾಡ್ರಿ" ಅಂದ. ಮೂರನೆಯ ಸಲ ದನಿ ಕೇಳಿಸದೆ ಶಿವಶಂಕರಪ್ಪನವರು, "ಜೋರಾಗಿ ಅನ್ನು" ಅಂದರು. ಉಮಾಬಾಯಿ ತಾಳಿ ಬಿಚ್ಚಿ ಅಯ್ಯನವರ ಮುಂದಿನ ತಟ್ಟೆಯಲ್ಲಿಟ್ಟಳು.

ಹೊರಡುವಾಗ ಅಯ್ಯನವರು ರೇವಪ್ಪನನ್ನು ಪಕ್ಕಕ್ಕೆ ಕರೆದರು. "ಸರಕಾರಕ್ಕ ನೀವು ಏನು ಹೇಳತೀರೋ ಹೇಳ್ರಿ. ಆದ್ರ ಲಿಂಗದ ಮುಂದ ಆದ ಮಾತು ಇದು. ಕುಲದಾಗ ಇದು ಖರೇನ ಸೋಡಚೀಟಿ. ನೆನಪಿಡ್ರಿ."

ಸರ್ಟಿಫಿಕೇಟು ಬಂತು, ನೌಕರಿ ಉಳಿಯಿತು.

ಅಂದಿನಿಂದ ಗಂಡನ ಮನೆಯ ದಾರಿ ಆಕೆಗೆ ಮುಚ್ಚಿತು. ಅವರಿಬ್ಬರೂ ಒಂದೇ ಮನೆಯಲ್ಲಿ ಕಂಡುಬಂದರೆ ಸುಳ್ಳು ಪ್ರಮಾಣದ ಮೊಕದ್ದಮೆ. ಆಕೆಯ ಜಾಗದ ಮೇಲೆ ಕಣ್ಣಿಟ್ಟವರೂ ಇದ್ದರು. ದವಾಖಾನೆಯ ಚಾದರು, ನಿಲುವಂಗಿ ಹೊಲಿಸುವ ನೆಪದಲ್ಲಿ ಆಕೆ ಪಡಸಾಲೆಗೆ ಹೋಗುತ್ತಿದ್ದಳು. ಹಾದಿಯವರೆಲ್ಲ ನೋಡುವಂತೆ ನಿಂತೇ ಮಾತಾಡಬೇಕು. ಊಟ ಆಯಿತೇ, ಕೆಮ್ಮು ಹೇಗಿದೆ ಎಂಬ ಮಾತನ್ನು ಬಟ್ಟೆಯ ಅಳತೆಯ ಮಾತಿನ ನಡುವೆ ಸೇರಿಸಬೇಕು. ವರ್ಷಕ್ಕೆ ಒಂದೆರಡು ಸಲ ಆಕೆ ರಜೆ ಹಾಕಿ ಕಲಬುರಗಿಗೆ ಶರಣರ ದರ್ಶನಕ್ಕೆ ಹೋಗುತ್ತಿದ್ದಳು. ಅವನು ಬೇರೆ ಗಾಡಿಯಲ್ಲಿ ಬರುತ್ತಿದ್ದ. ಪರಊರಿನ ಧರ್ಮಶಾಲೆಯಲ್ಲಿ ಅವರು ಗಂಡ ಹೆಂಡಿರೆಂದು ಹೆಸರು ಹೇಳಿ ಇಳಿದುಕೊಳ್ಳುತ್ತಿದ್ದರು.

ಕಟ್ಟಿಕೊಂಡು ಇದ್ದಾಗ ಆಗದ ಬಸಿರು ಬಿಟ್ಟ ಮೇಲೆ ಆಯಿತು.

ಹೆಂಗಸರ ಹೊಟ್ಟೆ ಮುಟ್ಟಿ ತಿಂಗಳು ಹೇಳುವ ಉಮಾಬಾಯಿಗೆ ತನ್ನದನ್ನು ನಂಬಲು ಬಹಳ ದಿನ ಹಿಡಿಯಿತು. ಮೊದಲು ಗುರುತಿಸಿದವಳು ಪೋಚಮ್ಮ. "ಸೀರಿ ಎತ್ತಿ ಉಡು ಅಕ್ಕಾ, ಕಾಣ್ತದ," ಅಂದಳು, ಮತ್ತೇನೂ ಕೇಳಲಿಲ್ಲ. ಡಾಕ್ಟರ್ ಸಾಹೇಬರ ಮುಂದೆ ಹೋಗಿ ನಿಂತಾಗ ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು. ಕೂಸು ಗಂಡನದೆಂದರೆ ಆಕೆಯ ಪ್ರಮಾಣ ಸುಳ್ಳು. ಅಲ್ಲವೆಂದರೆ ಆಕೆಗೆ ಊರಲ್ಲಿ ನಿಲ್ಲಲು ಮುಖವಿಲ್ಲ.

"ತೆಗಸೂದು ನಿನಗ ಗೊತ್ತದ," ಅಂದರು ಕೊನೆಗೆ. "ನಾ ಹೇಳೂದಿಲ್ಲ, ಬ್ಯಾಡಂತನೂ ಅನ್ನೂದಿಲ್ಲ."

"ಇಲ್ರಿ ಸಾಹೇಬ್ರ."

"ಹಂಗಾದ್ರ ಹೊಟ್ಟಿ ದೊಡ್ಡದಾಗೂ ಮುಂಚೆ ರಜಾ ತಗೊ. ಬ್ಯಾನಿ ಅದ ಅಂತ ನಾ ಬರೀತೀನಿ."

ನಾರಾಯಣಖೇಡದಲ್ಲಿ ದೊಡ್ಡಮ್ಮನಿಗೆ ಹುಷಾರಿಲ್ಲವೆಂದು ಊರಿಗೆ ಹೇಳಿ ಆಕೆ ಸೊಲ್ಲಾಪುರದ ರೈಲು ಹತ್ತಿದಳು. ಮಾಣಿಕಪ್ಪ ಒಂದೆರಡು ದಿನ ಬಿಟ್ಟು ಬಂದ. ಸೊಲ್ಲಾಪುರದ ಮನೆಯಲ್ಲಿ ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಮೇಲೆ ಕೆಳಗೆ ನೋಡಿದಳು. ಸೋಡಚೀಟಿಯ ಸುದ್ದಿ ಕುಲದವರ ಬಾಯಲ್ಲಿ ಆಗಲೇ ಬಂದು ಮುಟ್ಟಿತ್ತು. ಮಗನಿಗೆ ಬೇರೆ ಹೆಣ್ಣು ನೋಡತೊಡಗಿದ್ದಳು ಮುದುಕಿ. ಎಲ್ಲ ವಿವರಿಸಿ ಹೇಳಿದರೂ ಅವಳ ತಲೆಗೆ ಹತ್ತಲಿಲ್ಲ.

"ನೌಕ್ರಿ ಸಲುವಾಗಿ ಗಂಡನ್ನ ಬಿಟ್ಟಾಕಿ ನೀನು," ಅಂದಳು. "ಹೊಟ್ಯಾಗಿನದು ನಮ್ಮ ಕೂಸು. ಅದಕ್ಕ ಒಳಗ ಬಾ."

ಹೆಣ್ಣು ಹುಟ್ಟಿತು. ಮಾಣಿಕಪ್ಪ ಸುಲಭಾ ಎಂದು ಹೆಸರಿಟ್ಟ. ಯಾಕೆ ಆ ಹೆಸರೆಂದು ಕೇಳಿದರೆ, "ಅಷ್ಟರ ಸುಲಭ ಆಗಲಿ" ಅಂದನಂತೆ. ಅವನು ಆಡಿದ ಚೇಷ್ಟೆಯ ಮಾತೆಂದು ಉಮಾಬಾಯಿ ಪೋಚಮ್ಮನಿಗೆ ಹೇಳಿದ್ದು ಅದೊಂದೇ.

ರಜೆ ಮುಗಿಯಿತು. ಕೂಸನ್ನು ತಾಂಡೂರಿಗೆ ತರುವಂತಿಲ್ಲ. ಅಣ್ಣನ ಮಗಳೆಂದು ತರೋಣವೆಂದರೆ ರೇವಪ್ಪನ ಹೆಂಡತಿ ಬಸುರಿಯಾಗಿರಲಿಲ್ಲವೆಂದು ಇಡೀ ಯಾಲಾಲಕ್ಕೆ ಗೊತ್ತು. ಕೂಸು ಅಜ್ಜಿಯ ಹತ್ತಿರ ಉಳಿಯಿತು. ಉಮಾಬಾಯಿ ಒಬ್ಬಳೇ ಮರಳಿದಳು. ಹಾಲು ಕಟ್ಟಿ ಜ್ವರ ಬಂದು ರೈಲಿನಲ್ಲಿ ನಡುಗುತ್ತಾ ಕೂತಿದ್ದಳು. ತಾಂಡೂರಿನಲ್ಲಿ ಇಳಿದಾಗ ರವಿಕೆ ನೆನೆದಿತ್ತು. ಪೋಚಮ್ಮ ತನ್ನ ಸೆರಗನ್ನೇ ಹೊದಿಸಿ ಕರೆದೊಯ್ದಳು. ಆ ವಾರ ಬಂದ ಮೊದಲ ಹೆರಿಗೆಯಲ್ಲಿ ತಾಯಿ ಸತ್ತು ಕೂಸು ಉಳಿಯಿತು. ಉಮಾಬಾಯಿ ಬಾಗಿಲು ಹಾಕಿಕೊಂಡು ಆ ಕೂಸಿಗೆ ಮೊಲೆ ಕೊಟ್ಟಳು. ಪೋಚಮ್ಮ ಹೊರಗೆ ಕಾವಲು ಕೂತಿದ್ದಳು. ಆ ಕೂಸಿನ ಮನೆಯವರಿಗೆ ಇದು ಎಂದೂ ತಿಳಿಯಲಿಲ್ಲ.

ಮಾಣಿಕಪ್ಪ ಹದಿನೈದು ವರ್ಷ ತುಂಬಿಸಲೆಂದು ಪಡಸಾಲೆಗೆ ಮರಳಿದ್ದ. ಅಷ್ಟರಲ್ಲಿ ರಾಜ್ಯದಲ್ಲಿ ಗಲಾಟೆ ಎದ್ದಿತು. ಹೊರಗಿನಿಂದ ತಂಡತಂಡವಾಗಿ ಸತ್ಯಾಗ್ರಹಿಗಳು ಗಡಿ ದಾಟಿ ಬರುತ್ತಿದ್ದರು, ಸೊಲ್ಲಾಪುರವೇ ಅವರ ಠಾಣೆ ಎಂದು ಸುದ್ದಿ. ಸೊಲ್ಲಾಪುರದವನು ಯಾರೇ ಇರಲಿ ಪೋಲೀಸರಿಗೆ ಅನುಮಾನ. ಮಾಣಿಕಪ್ಪನಿಗೆ ಧರ್ಮದ ಜಗಳವೂ ಗೊತ್ತಿರಲಿಲ್ಲ, ಸಭೆಯೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಇಬ್ಬರು ಜವಾನರು ಬಂದು ಹೆಸರು ಕೇಳಿದರು, ಊರು ಕೇಳಿದರು.

"ಸಂಜಿ ಗಾಡಿಗಿ ಹೊರಡಬೇಕು. ಮತ್ತ ಈ ಮುಲುಕಿನಾಗ ಕಾಲಿಡಬಾರದು."

"ಹನ್ನೊಂದು ವರ್ಷ ಆತ್ರಿ ನಾ ಇಲ್ಲಿ ಬಂದು," ಅಂದ ಅವನು. "ಇನ್ನ ನಾಕು ವರ್ಷಕ್ಕ ಮುಲ್ಕಿ ಆಗ್ತೀನ್ರಿ."

"ಇಲ್ಲಿ ಹೆಣ್ತಿ ಮಕ್ಕಳು ಯಾರರ ಇದ್ದಾರೇನು?"

ಅವನು ರಸ್ತೆಯಾಚೆ ನೋಡಿದ. ದವಾಖಾನೆಯ ಮೆಟ್ಟಿಲ ಮೇಲೆ ಉಮಾಬಾಯಿ ನಿಂತಿದ್ದಳು. "ಇಲ್ರಿ. ಯಾರೂ ಇಲ್ಲ," ಅಂದ.

ಹೆಂಡತಿ ಇದ್ದಾಳೆಂದಿದ್ದರೆ ಅವನನ್ನು ಬಿಡುತ್ತಿದ್ದರೋ ಏನೋ. ಪೋಚಮ್ಮ ಹೇಳುವಂತೆ ಉಮಾಬಾಯಿ ಒಂದು ಮೆಟ್ಟಿಲು ಇಳಿದಳು, ಅಲ್ಲಿಯೇ ನಿಂತಳು. ಅವನು ಮಷೀನಿಗೆ ಬಟ್ಟೆ ಹೊದಿಸಿ, ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜವಾನರ ನಡುವೆ ಸ್ಟೇಷನ್ನಿನ ಕಡೆ ಹೋದ. ಆಕೆ ಒಳಗೆ ಬಂದು ಕಷಾಯ ಕೊಡಬೇಕಾದವರಿಗೆ ಕಷಾಯ ಕೊಟ್ಟಳು. ಮಷೀನನ್ನು ಆಮೇಲೆ ರೇವಪ್ಪ ಕಳಿಸಿಕೊಟ್ಟ.

ಅಲ್ಲಿಂದ ಮುಂದೆ ಆಕೆಯೇ ಸೊಲ್ಲಾಪುರಕ್ಕೆ ಹೋಗಬೇಕಾಯಿತು. ಸುಲಭಾ ನಡೆಯಲು ಕಲಿತದ್ದನ್ನು, ಹಲ್ಲು ಬಂದದ್ದನ್ನು ಆಕೆ ನೋಡಲಿಲ್ಲ. ಹೋದಾಗಲೆಲ್ಲ ಮಗು ಆಕೆಯನ್ನು ಕಂಡು ಅಜ್ಜಿಯ ಹಿಂದೆ ಅಡಗಿಕೊಳ್ಳುತ್ತಿತ್ತು. ನೌಕರಿ ಬಿಟ್ಟು ಬಂದುಬಿಡಲೇ ಎಂದು ಪ್ರತಿ ಸಲ ಕೇಳುತ್ತಿದ್ದಳು. ಮಾಣಿಕಪ್ಪನಿಗೆ ಆಗ ಕೆಮ್ಮು ಹೆಚ್ಚಾಗಿ ಮಷೀನು ತುಳಿಯಲಾಗುತ್ತಿರಲಿಲ್ಲ. ಆಕೆಯ ಸಂಬಳದಲ್ಲೇ ಆ ಮನೆಯ ಒಲೆ ಉರಿಯುತ್ತಿತ್ತು. "ಈಗ ಬಿಟ್ರ ಎಲ್ಲಾರೂ ಉಪಾಸ," ಅನ್ನುತ್ತಿದ್ದ.

ಹಾಗೆ ಮೂರು ವರ್ಷ ಕಳೆಯಿತು. ಒಮ್ಮೆ ಆಕೆ ಬಂದಿಳಿದಾಗ ಮಾಣಿಕಪ್ಪನೇ ಸ್ಟೇಷನ್ನಿಗೆ ಬಂದಿದ್ದ. ಮನೆಗೆ ಕರೆದೊಯ್ಯದೆ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂಡಿಸಿದ.

"ಅವ್ವಗ ಕಣ್ಣು ಕಾಣಾಕ ಒಲ್ಲದು. ಹುಡಿಗಿನ್ನ ನೋಡಾಕ ಯಾರೂ ಇಲ್ಲ."

ಆಕೆ ಕೈಯಲ್ಲಿದ್ದ ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು.

"ಅಕ್ಕಲಕೋಟ ಕಡೀದಾಕಿ. ಮಾಳಮ್ಮ ಅಂತ. ಗಂಡ ಸತ್ತಾಕಿ. ಅವ್ವ, ಪಂಚರು ಎಲ್ಲಾರೂ ಕೂಡಿ..." ಕೆಮ್ಮು ಬಂದು ಮಾತು ನಿಂತಿತು. "ನಾ ಒಲ್ಲೆ ಅಂದಿನಿ. ಯಾಕ ಒಲ್ಲಿ, ನಿನಗ ಹೆಣ್ತಿ ಎಲ್ಲದಾಳ ಅಂದ್ರು. ಚೀಟಿ ಅದ ಅಲ್ಲ ಅಂದ್ರು. ನನಗ ಹೇಳಾಕ ಬಾಯಿ ಇರಲಿಲ್ಲ."

"ಆಗ್ಯಾದೇನು?"

"ಆಗ್ಯಾದ."

ಉಮಾಬಾಯಿ ತಂದಿದ್ದ ಗಂಟನ್ನು ಬಿಚ್ಚಿದಳು. ಮಗುವಿನ ಲಂಗ, ಎಳ್ಳಿನ ಉಂಡೆ, ಅವನ ಕೆಮ್ಮಿಗೆ ದವಾಖಾನೆಯ ಔಷಧಿ. ಒಂದೊಂದನ್ನೇ ಅವನ ಕೈಗೆ ಕೊಟ್ಟಳು. ಔಷಧಿಯನ್ನು ಊಟವಾದ ಮೇಲೆ ಕುಡಿಯಬೇಕು, ಮೊದಲಲ್ಲ ಎಂದು ಎರಡು ಸಲ ಹೇಳಿದಳು. ಅಂದು ಮಗುವನ್ನು ನೋಡದೆ ಹಿಂದಿರುಗುವ ಗಾಡಿಗೆ ಹತ್ತಿದಳು.

ಆದರೂ ಹೋಗುವುದನ್ನು ಬಿಡಲಾಗಲಿಲ್ಲ. ಮಾರನೆಯ ವರ್ಷ ಹೋದಾಗ ಮಾಳಮ್ಮ ಕಾಲಿಗೆ ನೀರು ಕೊಟ್ಟು ಮಣೆ ಹಾಕಿದಳು. ದಪ್ಪ ಮೈಯ, ದುಡಿಯುವ ಹೆಂಗಸು. ಗಿರಣಿಗೆ ಹೋಗುತ್ತಿದ್ದಳು. ಸುಲಭಾ ಅವಳನ್ನು ಅವ್ವಾ ಎಂದು ಕರೆಯುತ್ತಿದ್ದಳು. ಉಮಾಬಾಯಿಯನ್ನು ತಾಂಡೂರ ಅತ್ತಿ ಎಂದಳು. ಹಾಗೆ ಹೇಳಿಕೊಟ್ಟವಳು ಅಜ್ಜಿ. ಹುಡುಗಿ ಆಡಲು ಹೊರಗೆ ಹೋದಾಗ ಇಬ್ಬರೇ ಒಲೆಯ ಮುಂದೆ ಉಳಿದರು.

"ನಾ ಕಸಗೊಂಡೀನಿ ಅಂತ ತಿಳ್ಕೋಬ್ಯಾಡ್ರಿ ಅಕ್ಕಾ," ಅಂದಳು ಮಾಳಮ್ಮ. "ನೀವು ಬಿಟ್ಟದ್ದು ಅಂದ್ರು, ಅದಕ್ಕ ಬಂದೀನಿ."

"ನಾ ಬಿಟ್ಟಿರಲಿಲ್ಲವಾ."

"ಚೀಟಿ ಅದ ಅಂದ್ರು."

"ಚೀಟಿ ಅದ."

ಮಾಳಮ್ಮ ರೊಟ್ಟಿ ತಿರುವಿ ಹಾಕಿದಳು. "ಹುಡಿಗಿನ್ನ ಒಯ್ಯೂದಾದ್ರ ಒಯ್ರಿ. ನಿಮ್ಮ ಕೂಸು. ನಾ ಅಡ್ಡ ಬರೂದಿಲ್ಲ. ಆದ್ರ ಏನಂತ ಹೇಳಿ ಒಯ್ತೀರಿ?"

ಮಗಳೆಂದು ಒಯ್ದರೆ ಪ್ರಮಾಣದ ಮಾತು ಮತ್ತೆ ಎದ್ದು ನೌಕರಿ ಹೋಗುತ್ತದೆ, ನೌಕರಿ ಹೋದರೆ ಈ ಮನೆಯೂ ಬೀಳುತ್ತದೆ. ಮಾಳಮ್ಮ ಬಡಿಸಿದ್ದನ್ನು ಉಂಡು, ಹುಡುಗಿಗೆ ಜಡೆ ಹಾಕಿ, ಆಕೆ ಎದ್ದು ಬಂದಳು.

ಮಾಣಿಕಪ್ಪ ಸತ್ತದ್ದು ಕೆಲವು ವರ್ಷಗಳ ನಂತರ, ಒಂದು ಚಳಿಗಾಲದಲ್ಲಿ. ಕ್ಷಯ ಆಗಿತ್ತು. ಸೊಲ್ಲಾಪುರದಿಂದ ರೇವಪ್ಪನ ಹೆಸರಿಗೆ ಕಾರ್ಡು ಬರುವ ಹೊತ್ತಿಗೆ ಮಣ್ಣು ಮಾಡಿ ಮೂರು ದಿನವಾಗಿತ್ತು. ರೇವಪ್ಪ ಯಾಲಾಲದಿಂದ ನಡೆದು ಬಂದು ತಂಗಿಗೆ ಹೇಳಿದ. ಆಕೆ ಅಳಲಿಲ್ಲ. ಅಣ್ಣನ ಜೊತೆ ಮಠಕ್ಕೆ ಹೋಗಿ ಅಯ್ಯನವರ ಮುಂದೆ ಕೂತಳು.

"ನಾ ಬಳಿ ತೆಗೀಬೇಕೋ ಬ್ಯಾಡೋ ಅಪ್ಪಾರ?"

ಅಯ್ಯನವರಿಗೂ ವಯಸ್ಸಾಗಿತ್ತು. "ಚೀಟಿ ಪ್ರಕಾರ ನಿನಗ ಗಂಡನೇ ಇಲ್ಲವ್ವಾ. ಇಲ್ಲದವ ಹ್ಯಾಂಗ ಸಾಯತಾನ? ತೆಗೀಬೇಕಾಗಿಲ್ಲ. ಬಳಿ ಮಾಳಮ್ಮ ತೆಗೀತಾಳ."

ಮನೆಗೆ ಬಂದ ಮೇಲೆ ಆಕೆ ತಾನೇ ಬಳೆಗಳನ್ನು ಕಲ್ಲಿಗೆ ಬಡಿದು ಒಡೆದಳು. ಒಂದು ಚೂರು ಮುಂಗೈಗೆ ಚುಚ್ಚಿ ರಕ್ತ ಬಂತು. ಪೋಚಮ್ಮ ಪಟ್ಟಿ ಕಟ್ಟಿದಳು.

ಸುದ್ದಿ ಕಚೇರಿಗೂ ಮುಟ್ಟಿತು. ಹಳೆಯ ಪೇಶಕಾರರು ಇನ್ನೂ ಅಲ್ಲಿಯೇ ಇದ್ದರು. ಒಂದು ದಿನ ಜ್ವರದ ಔಷಧಿಗೆ ದವಾಖಾನೆಗೆ ಬಂದಾಗ ಉಮಾಬಾಯಿಯನ್ನು ಕಂಡು ನಿಂತರು. ಸಮಾಧಾನ ಹೇಳಬೇಕೆಂದೇ ಅವರು ಮಾತೆತ್ತಿದ್ದು.

"ಈಗ ಹೆದರಿಕಿ ಇಲ್ಲ ತಾಯಿ. ಗಂಡ ತೀರಿಕೊಂಡ್ರ ಹೆಂಗಸು ತಾನಾಗೇ ಮುಲ್ಕಿ. ಆ ಚೀಟಿ ಸುಳ್ಳಂತ ಯಾರರ ಎಬ್ಬಿಸಿದ್ರೂ ನೌಕ್ರಿಗಿ ಧಕ್ಕಿ ಇಲ್ಲ. ಈಗ ನೀವು ಖರೇನ ಮುಲ್ಕಿ."

"ಹೌದ್ರಿ," ಅಂದಳು ಉಮಾಬಾಯಿ, ಸೀಸೆಯ ಬಿರಡೆ ಒತ್ತಿ ಅವರ ಕೈಗೆ ಕೊಟ್ಟಳು.

ಈಗ ಸುಲಭಾಳನ್ನು ತರಬಹುದಾಗಿತ್ತು. ರೇವಪ್ಪ ಹೋಗಿ ಕೇಳಿದ. ಗಂಡನನ್ನೂ ಅತ್ತೆಯನ್ನೂ ಕಳೆದುಕೊಂಡ ಮಾಳಮ್ಮ ಈ ಸಲ ಒಯ್ಯಿರಿ ಅನ್ನಲಿಲ್ಲ. ನನಗಾದರೂ ಯಾರಿದ್ದಾರೆ ಅಂದಳು. ಹುಡುಗಿಯನ್ನು ಕೇಳಿದರು. ಅತ್ತಿ ಒಳ್ಳೆಯವರು, ಆದರೆ ಅವ್ವನನ್ನು ಬಿಟ್ಟು ಬರುವುದಿಲ್ಲ ಎಂದು ಅವಳು ಮಾಳಮ್ಮನ ಸೆರಗು ಹಿಡಿದಳು. ರೇವಪ್ಪ ನಿಜ ಹೇಳಲು ಬಾಯಿ ತೆರೆದವನು ಹೇಳದೆ ಬಂದ. ಉಮಾಬಾಯಿ ತಿಂಗಳಿಗೊಮ್ಮೆ ದುಡ್ಡು ಕಳಿಸುವುದನ್ನು ನಿಲ್ಲಿಸಲಿಲ್ಲ.

ಆ ಬೇಸಿಗೆಯಲ್ಲಿ ಧಾರೂರಿನಿಂದ ಗಾಡಿ ಬಂತು. ದೊಡ್ಡ ಒಕ್ಕಲುತನದ ಮನೆ, ಕಿರಿಯ ಸೊಸೆಯ ಚೊಚ್ಚಲ ಹೆರಿಗೆ, ಕೂಸು ಅಡ್ಡ ತಿರುಗಿದೆಯೆಂದು ಕರೆ. ಉಮಾಬಾಯಿ, ಪೋಚಮ್ಮ ಇಬ್ಬರೂ ಹೋದರು. ಬಾಗಿಲಲ್ಲಿ ಆ ಮನೆಯ ಹಿರಿಯ ಹೆಂಗಸು ಉಮಾಬಾಯಿಯ ಬರಿಗೈ ನೋಡಿದಳು.

"ಬಳಿ ಎಲ್ಲವ?"

"ತೆಗದೀನ್ರಿ."

"ಗಂಡ ಯಾವಾಗೋ ಬಿಟ್ಟಾನ ಅಂತಿದ್ರು. ಸತ್ತ?"

"ಸತ್ತಾರ್ರಿ."

"ಮೂರು ಕೂಸು ಹೋದ ಮನಿ ಇದು. ರಂಡಿಕೈ ಮುಟ್ಟೂದು ಬ್ಯಾಡ. ಆಯಾ ಒಳಗ ಹೋಗಲಿ."

ಪೋಚಮ್ಮ ಜಗಳಕ್ಕೆ ನಿಂತಳು. ಒಳಗೆ ಹುಡುಗಿ ಕೂಗುತ್ತಿದ್ದಳು. ಉಮಾಬಾಯಿ ಚೀಲವನ್ನು ಪೋಚಮ್ಮನ ಕೈಗೆ ಕೊಟ್ಟು, "ಹೊತ್ತಿಲ್ಲ, ಹೋಗು" ಅಂದಳು. ತಾನು ಹೊಸ್ತಿಲ ಹೊರಗೆ ಗೋಡೆಗೆ ಕಿವಿ ಹಚ್ಚಿ ಕೂತಳು. ಪೋಚಮ್ಮ ಒಳಗಿನಿಂದ ಕೈಗೆ ಸಿಕ್ಕದ್ದನ್ನು ಹೇಳುತ್ತಿದ್ದಳು. ಆಕೆ ಹೊರಗಿನಿಂದ ಯಾವ ಕಡೆ ಒತ್ತಬೇಕು, ಯಾವಾಗ ಬಿಡಬೇಕು ಎಂದು ಕೂಗಿ ಹೇಳುತ್ತಿದ್ದಳು. ಬಿಸಿಲು ಅಂಗಳದಿಂದ ಗೋಡೆ ಹತ್ತುವವರೆಗೂ ಹಾಗೇ ನಡೆಯಿತು. ಕೊನೆಗೆ ಕೂಸು ಅತ್ತಿತು.

ಕೂಸನ್ನು ಆಕೆಗೆ ಯಾರೂ ತೋರಿಸಲಿಲ್ಲ. ಪೋಚಮ್ಮ ಹೊರಗೆ ಬಂದು ರಕ್ತದ ಕೈ ತೊಳೆಯುತ್ತಾ, "ಹೆಣ್ಣು," ಅಂದಳು. "ತಾಯಿನೂ ಉಳಿದಾಳ." ಉಮಾಬಾಯಿ ಎದ್ದು ಸೀರೆ ಕೊಡವಿಕೊಂಡು ಗಾಡಿ ಹತ್ತಿದಳು.